ತಾಳವಾಡಿ, ಕೋತಗಿರಿ, ಕೇತಿ: ಗಡಿಯಾಚೆಯ ಕ್ರೈಸ್ತ ಸಭೆಗಳಲ್ಲಿ

ಶುಕ್ರವಾರ: ತಾಳವಾಡಿ

ಚಾಮರಾಜನಗರ ಬಿಟ್ಟು ಒಂದು ಗಂಟೆಯೊಳಗೆ ತಾಳವಾಡಿ ಸಿಗುತ್ತದೆ. ಇದು ತಮಿಳುನಾಡಿನ ಈರೋಡು ಜಿಲ್ಲೆ. ರಾಜ್ಯ ಬದಲಾಗಿದ್ದು ಬೋರ್ಡುಗಳಿಂದ ಗೊತ್ತಾಗಬೇಕೇ ಹೊರತು ಮಾತಿನಿಂದಲ್ಲ. "ಏನ್ ಸಾ, ಈ ಬಿಸ್ಲಲ್ಲಿ ಬಂದ್ಬುಟ್ರಿ, ಕೂತ್ಕಳಿ" ಅಂದ ಟೀ ಅಂಗಡಿಯವನು. ಪಕ್ಕಾ ನಮ್ಮ ಕಡೆಯ ಮಾತು. 1956ರಲ್ಲಿ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಆ ಕಡೆಯೇ ಉಳಿಯಿತು. ರಾಜ್‌ಕುಮಾರ್ ಅವರ ಗಾಜನೂರು ಇಲ್ಲೇ ಪಕ್ಕದಲ್ಲಿದೆ ಅಂದರೆ ಸಾಕು, ಇನ್ನು ಪರಿಚಯ ಬೇಕಿಲ್ಲ.

ಜೊತೆಗಿದ್ದವನು ನನ್ನ ಹಳೆಯ ಗೆಳೆಯ, ಮೈಸೂರಿನ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟೆಂಟ್ ಪಂಗಡದ ಮನೆತನದವನು. ಹುಟ್ಟಿದ್ದು ಮಿಷನ್ ಆಸ್ಪತ್ರೆಯಲ್ಲಿ, ಓದಿದ್ದು ಹಾರ್ಡ್ವಿಕ್ ಶಾಲೆಯಲ್ಲಿ. ಅವನ ಮುತ್ತಜ್ಜನ ಕಾಲಕ್ಕೆ ಅವರದು ಮೆಥಡಿಸ್ಟರ ವೆಸ್ಲಿಯನ್ ಮಿಷನ್. ಅವನ ಹೆಂಡತಿ ನೀಲಗಿರಿಯ ಬಡಗರ ಹುಡುಗಿ, ಅವರ ಕಡೆಯವರು ಜರ್ಮನ್ ಪಾದ್ರಿಗಳ ಬಾಸೆಲ್ ಮಿಷನ್. "1947ರಲ್ಲಿ ಎಲ್ಲಾ ಸೇರಿ ಒಂದಾಗದೇ ಇದ್ದಿದ್ರೆ ನನ್ನ ಮದುವೆಗೆ ಇನ್ನೊಂದು ಸುತ್ತು ಮಾತುಕತೆ ಆಗ್ತಿತ್ತು ನೋಡು" ಅಂತ ನಗುತ್ತಾನೆ. ಅವನು ಹೇಳಿದ್ದು 1947ರ ಸೆಪ್ಟೆಂಬರ್ 27ರ ಮಾತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಅಂತ ಬೇರೆ ಬೇರೆ ಇದ್ದ ಸಭೆಗಳು ಅವತ್ತು ಮದ್ರಾಸಿನಲ್ಲಿ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಆದವು. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತು ಅಷ್ಟೇ.

ನಮ್ಮಲ್ಲಿ ಪ್ರೊಟೆಸ್ಟೆಂಟರ ಮಾತು ಬಂದರೆ ಎರಡು ಹೆಸರು ಥಟ್ ಅಂತ ನೆನಪಾಗುತ್ತವೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್. 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲ್ ಪ್ರತಿಮೆ ಇದೆ, ನವೆಂಬರ್ ಬಂದರೆ ಭಾಷಣಗಳಲ್ಲಿ ಅವರ ಹೆಸರಿದೆ. ಆದರೆ ಅವರು ಯಾರಿಗೋಸ್ಕರ ಬಂದಿದ್ದರೋ ಆ ಸಭೆಗಳು ಇವತ್ತಿಗೂ ಇವೆ. ಅಲ್ಲಿ ಜನ ಇದ್ದಾರೆ, ಜಗಳ ಇದೆ, ಹಾಡು ಇದೆ. ಅವರ ಬಗ್ಗೆ ನಮಗೆ ಏನು ಗೊತ್ತು? ಕ್ರಿಶ್ಚನ್ ಅಂದರೆ ಸಾಕು, ಮನೆಯಲ್ಲಿ ಕೇಕ್ ಮಾಡ್ತಾರೆ ಅನ್ನುವಷ್ಟು. ಆರ್.ಸಿ. (ರೋಮನ್ ಕ್ಯಾಥೊಲಿಕ್) ಯಾವುದು, ಸಿ.ಎಸ್.ಐ. ಯಾವುದು ಅಂತಲೂ ಗೊತ್ತಿರುವುದಿಲ್ಲ. ಗೆಳೆಯನ ಹತ್ತಿರ ಅದಕ್ಕೊಂದು ಸುಲಭ ಉಪಾಯ ಇದೆ: "ಒಳಗೆ ಮರಿಯಮ್ಮನ ಮೂರ್ತಿ ಇದ್ರೆ ಆರ್.ಸಿ. ಪಾದ್ರಿಗೆ ಹೆಂಡತಿ ಮಕ್ಕಳಿದ್ರೆ ನಮ್ಮದು."

ಆದರೆ ತಾಳವಾಡಿಯಲ್ಲಿ ನಾವು ಹೋಗಿದ್ದು ಇವೆರಡೂ ಅಲ್ಲದ ಜಾಗಕ್ಕೆ. ಊರಾಚೆ, ಶೀಟು ಹೊದಿಸಿದ ಒಂದು ಪ್ರಾರ್ಥನಾ ಮಂದಿರ. ಶುಕ್ರವಾರ ಅಲ್ಲಿ ಉಪವಾಸ ಪ್ರಾರ್ಥನೆ. ಗೋಪುರ ಇಲ್ಲ, ಗಂಟೆ ಇಲ್ಲ. ಹೊರಗೆ ಚಪ್ಪಲಿ ರಾಶಿ, ಒಳಗೆ ಜಮಖಾನ. ನಲವತ್ತು ಜನ ಇದ್ದಿರಬಹುದು, ಮುಕ್ಕಾಲು ಪಾಲು ಹೆಂಗಸರು, ಎಲ್ಲರ ತಲೆ ಮೇಲೂ ಸೆರಗು. ಒಬ್ಬ ಹುಡುಗ ಕೀಬೋರ್ಡ್ ಹಿಡಿದಿದ್ದ, ಇನ್ನೊಬ್ಬ ತಮಟೆ ಬಡಿಯುತ್ತಿದ್ದ. ಹಾಡಿನ ಮಾತು ಕನ್ನಡ, ರಾಗ ತಮಿಳು ಸಿನಿಮಾದ್ದು. ಪಾಸ್ಟರ್ ವಾರದ ಉಳಿದ ದಿನ ಹಾಲಿನ ವ್ಯಾನ್ ಓಡಿಸುತ್ತಾರೆ. ಪ್ರಸಂಗ ಮಾಡುವಾಗ ಅವರ ಕನ್ನಡ ಒಮ್ಮೆಲೇ ಸತ್ಯವೇದದ, ಅಂದರೆ ಬೈಬಲ್ಲಿನ ಕನ್ನಡ ಆಗುತ್ತದೆ, "ಆತನು ನಿಮ್ಮನ್ನು ಕೈಬಿಡುವವನಲ್ಲ" ಅಂತ. ಮುಗಿದ ಕೂಡಲೇ "ಕಾಪಿ ಕುಡ್ಕಂಡ್ ಹೋಗಿ ಸಾ" ಅಂತ ಊರ ಮಾತಿಗೆ ಇಳಿಯುತ್ತದೆ.

ಸಾಕ್ಷಿ ಹೇಳುವ ಹೊತ್ತು. ಐವತ್ತು ದಾಟಿದ ಒಬ್ಬ ಹೆಂಗಸು ಎದ್ದು ನಿಂತಳು. ಅರಿಶಿನ ಬೇಯಿಸುವ ಕಡೆ ಕೂಲಿಗೆ ಹೋಗುತ್ತಾಳಂತೆ, ಬೆರಳ ಸಂದಿಯೆಲ್ಲ ಹಳದಿ. ಗಂಡ ಕುಡಿತ ಬಿಟ್ಟಿದ್ದನ್ನು ಹೇಳಿದಳು. ಕಣ್ಣೀರು ಹಾಕದೆ, ಲೆಕ್ಕ ಒಪ್ಪಿಸುವವಳ ಹಾಗೆ: ಮೊದಲು ಇಷ್ಟು ಕುಡೀತಿದ್ದ, ಈಗ ಇಷ್ಟು ಮನೆಗೆ ತರ್ತಾನೆ, ಆ ದುಡ್ಡಲ್ಲಿ ಶೀಟು ಹಾಕಿಸಿದ್ವಿ. ಎಲ್ಲರೂ "ಸ್ತೋತ್ರ" ಅಂದರು. ನಾಲ್ಕು ಜನರ ಮುಂದೆ ತನ್ನ ಮಾತು ಹೇಳುವುದಕ್ಕೆ ಆಕೆಗೆ ಬೇರೆ ಎಲ್ಲಿ ಜಾಗ ಇದೆ? ಗ್ರಾಮಸಭೆಯಲ್ಲಿ ಆಕೆಯನ್ನು ಯಾರೂ ಎದ್ದು ನಿಲ್ಲು ಅಂದಿರಲಾರರು.

ಪವಿತ್ರಾತ್ಮನ ಅನುಭವಕ್ಕೆ ಒತ್ತು ಕೊಡುವ ಇಂಥ ಪೆಂಟೆಕೋಸ್ಟಲ್ ಕೂಟಗಳನ್ನು ಅಮೆರಿಕದ ಸರಕು ಅಂತ ತಳ್ಳಿಹಾಕುವುದು ಸುಲಭ. ಪೆಂಟೆಕೋಸ್ಟಲ್ ಚಳವಳಿಯ ಕಥೆ ಹೇಳುವವರು ಸಾಮಾನ್ಯವಾಗಿ 1906ರ ಲಾಸ್ ಏಂಜಲೀಸಿನಿಂದ ಶುರು ಮಾಡುತ್ತಾರೆ. ಆದರೆ ಅದಕ್ಕೂ ಒಂದು ವರ್ಷ ಮುಂಚೆಯೇ ಪುಣೆ ಕಡೆಯ ಕೇಡಗಾಂವ್‌ನಲ್ಲಿ, ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ನಿನಲ್ಲಿ ಇಂಥದ್ದೇ ಪ್ರಾರ್ಥನೆ, ಕಣ್ಣೀರು, ಕೂಗು ಎಲ್ಲ ನಡೆದಿತ್ತು. ಆ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಇದನ್ನು ಹೇಳಿದಾಗ ಪಾಸ್ಟರ್‌ಗೆ ಬಹಳ ಖುಷಿ ಆಯ್ತು. ಭಾನುವಾರದ ಪ್ರಸಂಗಕ್ಕೆ ಸೇರಿಸ್ಕೋತೀನಿ ಅಂದರು.

ಕಾಪಿ ಕುಡಿಯುವಾಗ ಜಾತಿ ಸರ್ಟಿಫಿಕೇಟಿನ ಮಾತು ಬಂತು. ನಾನು ಕೇಳಲಿಲ್ಲ, ಅವರೇ ತೆಗೆದರು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿ ಅನ್ನಿಸಿಕೊಳ್ಳುವುದಕ್ಕೆ ಹಿಂದೂ ಆಗಿರಬೇಕು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತರನ್ನು ಸೇರಿಸಲಿಲ್ಲ. ಮತಾಂತರವಾದ ದಲಿತರನ್ನು ತಮಿಳುನಾಡು ಹಿಂದುಳಿದ ವರ್ಗದ ಪಟ್ಟಿಯಲ್ಲಿ ಇಟ್ಟಿದೆ. ಪರಿಶಿಷ್ಟ ಪಂಗಡದವರಿಗೆ ಈ ಷರತ್ತಿಲ್ಲ. "ನಮ್ ಕೇರಿನಾಗೆ ಯಾವ್ ದೇವ್ರಿಗೆ ಕೈ ಮುಗುದ್ರೂ ಹೋಟ್ಲಲ್ಲಿ ಲೋಟ ಬೇರೇನೇ ಇತ್ತು ಸಾ, ನಮ್ಮಪ್ಪನ ಕಾಲ್ದಲ್ಲಿ" ಅಂದರು ಪಾಸ್ಟರ್. ಮಾತು ಅಲ್ಲಿಗೇ ನಿಂತಿತು. ಅಲ್ಲಿದ್ದವರಲ್ಲಿ ಎಷ್ಟು ಜನ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತರಾಗಿದ್ದಾರೆ ಅಂತ ನಾನು ಕೇಳಲಿಲ್ಲ. ಕೇಳಬಾರದ ಪ್ರಶ್ನೆ ಅದು. ಕರ್ನಾಟಕದಲ್ಲಿ 2022ರ ಮತಾಂತರ ನಿಷೇಧ ಕಾಯ್ದೆ ಬಂದಾಗಿನಿಂದ ಗಡಿಯಾಚೆಯ ನೆಂಟರು ಬರುವುದು ಕಡಿಮೆಯಾಗಿದೆ ಅಂತ ಮಾತ್ರ ಅವರಾಗಿಯೇ ಹೇಳಿದರು.

ಹೊರಡುವಾಗ ಇನ್ನೊಂದು ಗಮನಿಸಿದೆ. ದೊಡ್ಡವರ ಕೈಯಲ್ಲಿ ಕನ್ನಡ ಸತ್ಯವೇದ, ಮಕ್ಕಳ ಕೈಯಲ್ಲಿ ತಮಿಳಿನದು. ಶಾಲೆ ತಮಿಳು ಮೀಡಿಯಂ ಆದಮೇಲೆ ಇನ್ನೇನು. ವಚನ ಹುಡುಕುವಾಗ ಅಜ್ಜಿ ಪುಟದ ಲೆಕ್ಕ ಹೇಳುತ್ತಾಳೆ, ಮೊಮ್ಮಗಳು ತನ್ನ ಪುಸ್ತಕದಲ್ಲಿ ತೆಗೆದು ಬಾಯಲ್ಲಿ ಕನ್ನಡ ಮಾಡಿ ಹೇಳುತ್ತಾಳೆ.

ಶನಿವಾರ: ದಿಂಬಂ ಇಳಿದು, ಕೋತಗಿರಿ ಹತ್ತಿ

ಹಾಸನೂರು, ದಿಂಬಂ, ಇಪ್ಪತ್ತೇಳು ತಿರುವು, ಬಣ್ಣಾರಿ ಅಮ್ಮನ ಗುಡಿ, ಸತ್ಯಮಂಗಲ. ಈ ದಾರಿ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ರಾತ್ರಿ ಗೇಟು ಹಾಕುತ್ತಾರೆ, ಹಾಗಾಗಿ ಬೆಳಗ್ಗೆ ಬೇಗ ಹೊರಡಿ ಅನ್ನುವುದೊಂದೇ ನನ್ನ ಸಲಹೆ. ನೀಲಗಿರಿಗೆ ಇ-ಪಾಸ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಮೇಟ್ಟುಪಾಳ್ಯದಲ್ಲಿ ಊಟ ಮಾಡಿ ಕೋತಗಿರಿ ಘಾಟಿ ಹತ್ತಿದೆವು. ಸಂಜೆ ಹೊತ್ತಿಗೆ ಸ್ವೆಟರ್ ಹಾಕುವ ಚಳಿ.

ಗೆಳೆಯನ ಮಾವ ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು, ಈಗ ಎಂಬತ್ತರ ಹತ್ತಿರ. ತೋಟದಲ್ಲಿ ಸ್ವಲ್ಪ ಟೀ, ಸ್ವಲ್ಪ ಬೆಳ್ಳುಳ್ಳಿ. ಮನೆಯಲ್ಲಿ ಗಂಡ ಹೆಂಡತಿ ಬಡಗ ಮಾತಾಡುತ್ತಾರೆ. ನಮಗೆ ಅರ್ಧಕ್ಕರ್ಧ ಅರ್ಥ ಆಗುತ್ತದೆ, ಉಳಿದಿದ್ದು ಮುಖ ನೋಡಿದರೆ ಗೊತ್ತಾಗುತ್ತದೆ. ಮೊಮ್ಮಕ್ಕಳ ಜೊತೆ ತಮಿಳು. ಅಳಿಯನ ಜೊತೆ ಕನ್ನಡ. ಅವರ ಕನ್ನಡ ಬೇರೆಯದೇ ಥರ. "ಪ್ರಯಾಣವು ಸುಖಕರವಾಗಿತ್ತೋ?" ಅಂತ ಕೇಳಿದರು. ಈ ಕನ್ನಡ ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಒಳಗೆ ಹೋಗಿ ಒಂದು ಪುಸ್ತಕ ತಂದರು. ಅವರ ತಾತನ ಸತ್ಯವೇದ. ಕನ್ನಡದ್ದು. ಮೊದಲ ಕೆಲವು ಪುಟ ಇಲ್ಲ, ಹಿಂದಿನ ರಟ್ಟಿಗೆ ಕೊಡೆಯ ಬಟ್ಟೆ ಹಚ್ಚಿ ಹೊಲಿದಿದ್ದಾರೆ. ಅಂಚಿನಲ್ಲಿ ಪೆನ್ಸಿಲ್ಲಿನ ಗುರುತು. ಕೀರ್ತನೆಗಳ ಪುಟ ಮಾತ್ರ ಬೆರಳು ತಾಗಿ ತಾಗಿ ಕಂದು ಬಣ್ಣಕ್ಕೆ ತಿರುಗಿದೆ.

ಬಡಗರ ಮನೆಗೆ ಕನ್ನಡ ಸತ್ಯವೇದ ಬಂದದ್ದಕ್ಕೆ ಒಂದು ಕಥೆ ಇದೆ. ಮದ್ರಾಸ್ ಸಿವಿಲ್ ಸರ್ವಿಸಿನಲ್ಲಿದ್ದು ನಿವೃತ್ತರಾದ ಜಾರ್ಜ್ ಕ್ಯಾಸಮೇಜರ್ ಅನ್ನುವವರು ಕೇತಿ ಕಣಿವೆಯಲ್ಲಿ ನೆಲೆಸಿದ್ದರು. ಬಡಗರ ಮಕ್ಕಳಿಗೆ ಶಾಲೆ ನಡೆಸಬೇಕು ಅಂತ ಅವರಿಗೆ ಆಸೆ. ಮಂಗಳೂರಿನಲ್ಲಿದ್ದ ಬಾಸೆಲ್ ಮಿಷನ್ನಿನವರನ್ನು ಕರೆಸಿಕೊಂಡರು. 1846ರಲ್ಲಿ ಕೇತಿಯಲ್ಲಿ ಮಿಷನ್ ಶುರುವಾಯಿತು. 1849ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಮಿಷನ್ನಿಗೇ ಬಿಟ್ಟುಹೋದರು. ಬಂದ ಜರ್ಮನ್ನರಿಗೆ ಗೊತ್ತಿದ್ದದ್ದು ಕನ್ನಡ, ಬಡಗರಿಗೂ ಅದು ತಕ್ಕಮಟ್ಟಿಗೆ ತಿಳಿಯುತ್ತಿತ್ತು. ಇಡೀ ಸತ್ಯವೇದ ಅಷ್ಟರಲ್ಲಾಗಲೇ ಕನ್ನಡದಲ್ಲಿತ್ತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಆ ಕೆಲಸ ಮುಗಿಸಿದ್ದರು. ಬಡಗ ಮಾತಿನಲ್ಲಿ ಲೂಕನ ಸುವಾರ್ತೆ ಕೂಡ ಬಂತು, ಅದರ ಅಕ್ಷರ ಕನ್ನಡದ್ದು.

ಹೀಗೆ ಹಟ್ಟಿಯಿಂದ ಹಟ್ಟಿಗೆ ನಡೆದವರಲ್ಲಿ ಮೆಟ್ಜ್ ಅನ್ನುವವನ ಹೆಸರು ದೊಡ್ಡದು. ಬೆಟ್ಟದ ಜನರ ಬಗ್ಗೆ ಅವನೇ ಪುಸ್ತಕವನ್ನೂ ಬರೆದ. ಬೋಧನೆಯ ಫಲ ಮಾತ್ರ ತಡವಾಗಿ ಬಂತು. ಮೊದಲ ಬಡಗನೊಬ್ಬ ದೀಕ್ಷಾಸ್ನಾನಕ್ಕೆ ಒಪ್ಪಿದ್ದು 1850ರ ದಶಕದ ಕೊನೆಗೆ. ಒಪ್ಪಿದವನನ್ನು ಹಟ್ಟಿಯವರು ಹೊರಗಿಟ್ಟರು. ಮಿಷನ್ ಕಾಂಪೌಂಡ್ ಅನ್ನುವುದು ಬೆಳೆದಿದ್ದೇ ಹಾಗೆ. ಮಾವ ಇದನ್ನು ಹೇಳುವಾಗ ಹೆಮ್ಮೆಯೂ ಇರಲಿಲ್ಲ, ದೂರೂ ಇರಲಿಲ್ಲ. "ನಮ್ಮ ತಾತನ ಅಣ್ಣತಮ್ಮಂದಿರು ಬಡಗರ ದೇವತೆ ಹೆತ್ತೆಯ ಹಬ್ಬಕ್ಕೆ ಹೋಗುವರು. ನಾವು ಹೋಗುವುದಿಲ್ಲ. ಸಾವಿಗೆ ಎಲ್ಲರೂ ಹೋಗುವೆವು" ಅಂದರು.

ಸಾವಿನ ಮಾತು ಬಂದಮೇಲೆ ರಾತ್ರಿ ಹತ್ತು ಗಂಟೆಯವರೆಗೂ ಅದೇ. ಬಡಗರ ಸಾವಿನಲ್ಲಿ ‘ಕರು ಹರಸುವ’ ಅನ್ನುವ ಪದ್ಧತಿ ಇದೆ. ಒಬ್ಬ ಹಿರಿಯ ಹೆಣದ ಹತ್ತಿರ ನಿಂತು ಸತ್ತವನ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ. ಹರಿದು ಹೋಗುವ ಹಾವನ್ನು ಕೊಂದ. ಸುತ್ತ ನಿಂತವರು ಪಾಪ ಅನ್ನುತ್ತಾರೆ. ಹಲ್ಲಿಯನ್ನು ಕೊಂದ, ಕಪ್ಪೆಯನ್ನು ಕೊಂದ. ಪಾಪ. ಅಣ್ಣತಮ್ಮಂದಿರ ಮೇಲೆ ಚಾಡಿ ಹೇಳಿದ. ಪಾಪ. ಗಡಿಕಲ್ಲು ಸರಿಸಿದ. ಪಾಪ. ದಾರಿ ತಪ್ಪಿ ಬಂದವರಿಗೆ ತಪ್ಪು ದಾರಿ ತೋರಿಸಿದ. ಪಾಪ. ಸಾವಿರದ ಮುನ್ನೂರು ಪಾಪ ಇದ್ದರೂ ಹೋಗಲಿ ಅಂತ ಅದನ್ನೆಲ್ಲ ಒಂದು ಕರುವಿನ ಮೇಲೆ ಹೊರಿಸಿ ಓಡಿಸಿಬಿಡುತ್ತಿದ್ದರು. 1871ರಲ್ಲಿ ಬಂದ ಚಾರ್ಲ್ಸ್ ಗೋವರನ ಇಂಗ್ಲಿಷ್ ಪುಸ್ತಕದಲ್ಲಿ ಈ ಪಟ್ಟಿ ಅಚ್ಚಾಗಿದೆ. ಪಾಪ, ಕ್ಷಮೆ, ಪಾಪ ಹೊರುವ ಪ್ರಾಣಿ ಅಂತ ಬೋಧಿಸಲು ಬಂದ ಜರ್ಮನ್ನರು ಇದನ್ನು ಮೊದಲ ಸಲ ಕೇಳಿದಾಗ ಏನಂದುಕೊಂಡಿರಬಹುದು! ನಾವು ಹೇಳಬೇಕಾದ್ದು ಇವರಿಗೆ ಆಗಲೇ ಗೊತ್ತಿದೆ ಅಂತ ಖುಷಿಪಟ್ಟರೋ, ಇನ್ನು ನಮಗೇನು ಕೆಲಸ ಅಂತ ಬೇಜಾರಾದರೋ.

ಆ ಪಟ್ಟಿಯಲ್ಲಿ ಇನ್ನೊಂದು ಪಾಪ ಇದೆ: ಮನೆಯ ಜಗಳಕ್ಕೆ ಸರ್ಕಾರವನ್ನು ಕರೆದ. ಮಾವ ಇದನ್ನು ಹೇಳಿ ಜೋರಾಗಿ ನಕ್ಕರು. "ಈಗ ನಮ್ಮ ಸಿ.ಎಸ್.ಐ.ಯವರೆಲ್ಲ ಅದೇ ಪಾಪದಲ್ಲಿದ್ದಾರೆ." ಸಿ.ಎಸ್.ಐ.ಯ ಆಡಳಿತ ಮಂಡಳಿಯಾದ ಸಿನಡ್ಡಿನ ಚುನಾವಣೆಯ ತಕರಾರು ಮದ್ರಾಸ್ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದು ಅವರ ತಲೆಯಲ್ಲಿತ್ತು. ಅವರ ಸಭೆಯ ಜನ ಕರು ಹರಸುವುದಿಲ್ಲ. ಸತ್ತವನ ಒಳ್ಳೆಯದನ್ನು ಮಾತ್ರ ಹೇಳುತ್ತಾರೆ. "ಅದೇ ಸ್ವಲ್ಪ ಕಡಿಮೆಯಾಯಿತು" ಅಂದರು ಮಾವ. ಅತ್ತೆ ಒಳಗಿನಿಂದ ಏನೋ ಗದರಿದರು. ನಮಗೆ ಅರ್ಥವಾಗಲಿಲ್ಲ, ಗೆಳೆಯ ಅನುವಾದ ಮಾಡಲೂ ಇಲ್ಲ.

ಭಾನುವಾರ: ಆರಾಧನೆ, ಆಮೇಲೆ ಹರಾಜು

ಅವರ ಚರ್ಚು ಸಣ್ಣದು. ಕಲ್ಲಿನ ಗೋಡೆ, ತಗಡಿನ ಮಾಡು, ಮರದ ಬೆಂಚು. ಗೋಡೆ ಮೇಲೆ ಸಿ.ಎಸ್.ಐ. ಲಾಂಛನ: ತಾವರೆ ಹೂವಿನ ಮಧ್ಯೆ ಶಿಲುಬೆ. ಅವತ್ತು ಕೊಯ್ಲಿನ ಹಬ್ಬ. ವೇದಿಕೆ ಮುಂದೆ ಕ್ಯಾರೆಟ್ಟು, ಎಲೆಕೋಸು, ಬೀಟ್ರೂಟು, ಬೆಣ್ಣೆಹಣ್ಣು, ಬೆಳ್ಳುಳ್ಳಿ ಗೊಂಚಲು, ಟೀ ಪೊಟ್ಟಣ, ವರ್ಕಿ ಬಿಸ್ಕತ್ತಿನ ಡಬ್ಬ ಎಲ್ಲ ಜೋಡಿಸಿದ್ದರು. ಮೂಲೆಯಲ್ಲಿ ಕಾಲು ಕಟ್ಟಿದ ಒಂದು ಹುಂಜ. ಅಯ್ಯನವರು, ಅಂದರೆ ಪಾದ್ರಿ, ಪ್ರಾರ್ಥನೆಗೆ ಬಾಯಿ ತೆಗೆದಾಗಲೆಲ್ಲ ಅದೂ ಕೂಗುತ್ತಿತ್ತು. ಮಕ್ಕಳಿಗೆ ನಗು ತಡೆಯುವುದೇ ಕಷ್ಟವಾಯ್ತು.

ಆರಾಧನೆ ಪೂರ್ತಿ ತಮಿಳಿನಲ್ಲಿ. ಮಧ್ಯೆ ಒಂದೇ ಒಂದು ಹಾಡು ಬಡಗ ಮಾತಿನದು. ರಾಗ ಮಾತ್ರ ಬಡಗರದ್ದೂ ಅಲ್ಲ, ತಮಿಳರದ್ದೂ ಅಲ್ಲ, ಜರ್ಮನಿಯ ಚರ್ಚುಗಳ ಹಳೆಯ ರಾಗ. ನಿಧಾನ, ಮೆಟ್ಟಿಲು ಹತ್ತಿದ ಹಾಗೆ. ವಯಸ್ಸಾದವರು ನಾಲ್ಕು ದನಿಯಲ್ಲಿ ಹಾಡಿದರು, ಪುಸ್ತಕ ನೋಡದೆ. ಹರೆಯದವರಿಗೆ ಆ ಹಾಡು ಬರುವುದಿಲ್ಲ. ಅವರು ಕಾಯುತ್ತಿದ್ದದ್ದು ಗಿಟಾರಿನ ಹಾಡಿಗೆ. ತಾಳವಾಡಿಯ ಶೀಟಿನ ಕೆಳಗೆ ಕೇಳಿದ ರಾಗವೇ ಇಲ್ಲೂ ಬಂತು! ಪೆಂಟೆಕೋಸ್ಟಲ್ ಕಡೆಗೆ ಹೋಗುವ ಹುಡುಗರನ್ನು ಹಿಡಿದಿಡಬೇಕಾದರೆ ಅವರ ಹಾಡನ್ನು ನಾವೂ ಹಾಡಬೇಕು ಅನ್ನುವುದು ಹಳೆಯ ಸಭೆಗಳೆಲ್ಲ ಕಂಡುಕೊಂಡ ದಾರಿ. ನನಗೆ ಹಳೆಯ ಹಾಡೇ ಹಿಡಿಸಿತು. ಆದರೆ ನಾನು ಒಂದು ದಿನಕ್ಕೆ ಬಂದವನು, ನನ್ನ ರುಚಿ ಯಾರಿಗೆ ಬೇಕು.

ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಮುಂಚೆ ಸಮಾಧಾನ ಹಂಚುತ್ತಾರೆ. ಅಯ್ಯನವರಿಂದ ಶುರುವಾಗಿ ಬೆಂಚಿನಿಂದ ಬೆಂಚಿಗೆ ಕೈಯಿಂದ ಕೈಗೆ ಬರುತ್ತದೆ. ಕೊಡುವವರ ಬಲಗೈ ಅಂಗೈ ನಮ್ಮ ಬಲಗೈಗೆ ತಾಗುತ್ತದೆ, ಇಬ್ಬರ ಎಡಗೈಯೂ ಮೇಲಿಂದ ಮುಚ್ಚುತ್ತದೆ. 1950ರಲ್ಲಿ ಸಿ.ಎಸ್.ಐ. ತನ್ನದೇ ಆರಾಧನಾ ಕ್ರಮ ಮಾಡಿಕೊಂಡಾಗ ಕೇರಳದ ಸಿರಿಯನ್ ಕ್ರೈಸ್ತರಿಂದ ತೆಗೆದುಕೊಂಡದ್ದು ಇದು. ನನ್ನ ಪಕ್ಕದ ಮುದುಕರ ಅಂಗೈ ಟೀ ಕತ್ತರಿಸಿ ಕತ್ತರಿಸಿ ಒರಟಾಗಿತ್ತು. ಅವರು ಕೊಟ್ಟರು, ನಾನು ಮುಂದಿನವರಿಗೆ ಕೊಟ್ಟೆ. ಭೋಜನಕ್ಕೆ ಎದ್ದು ಹೋಗಲಿಲ್ಲ. ಯಾರೂ ಒತ್ತಾಯ ಮಾಡಲೂ ಇಲ್ಲ.

ಆಮೇಲೆ ಹರಾಜು. ಒಂದೂವರೆ ಗಂಟೆ ಗಂಭೀರವಾಗಿ ಕೂತಿದ್ದ ಸಭೆ ಐದು ನಿಮಿಷದಲ್ಲಿ ಸಂತೆ ಆಯ್ತು. ಖಜಾಂಚಿ ಬೆಂಚು ಹತ್ತಿ ನಿಂತರು. ಒಂದು ಎಲೆಕೋಸು ಐವತ್ತು ರೂಪಾಯಿಗೆ ಶುರುವಾಗಿ ಸಾವಿರಕ್ಕೆ ಹೋಯಿತು. ತೆಗೆದುಕೊಂಡವರು ಅದನ್ನು ವಾಪಸ್ ಕೊಟ್ಟರು, ಮತ್ತೆ ಹರಾಜಿಗೆ ಬಂತು, ಇನ್ನೊಬ್ಬರು ಆರು ನೂರಕ್ಕೆ ಹಿಡಿದರು. ಒಂದೇ ಎಲೆಕೋಸು ಹೀಗೆ ಮೂರು ಕೈ ಬದಲಾಯಿಸಿತು. ಕೊಯಮತ್ತೂರಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ವಿಡಿಯೊ ಕಾಲಿನಲ್ಲೇ ಕೂಗುತ್ತಿದ್ದ, ಅವನ ತಾಯಿ ಫೋನು ಎತ್ತಿ ಹಿಡಿದು "ಬೇಡ, ಸಾಕು" ಅಂತ ಸನ್ನೆ ಮಾಡುತ್ತಿದ್ದರು. ಗೆಳೆಯ ಬೆಳ್ಳುಳ್ಳಿಗೆ ಕೈ ಹಾಕಿದ. ಅದು ಅವನ ಮಾವನ ತೋಟದ್ದೇ, ಮನೆಯಲ್ಲಿ ಮೂಟೆಗಟ್ಟಲೆ ಇದೆ. ನನಗೆ ಒಂದು ಡಬ್ಬ ವರ್ಕಿ ಸಿಕ್ಕಿತು, ಅಂಗಡಿ ಬೆಲೆಯ ನಾಲ್ಕರಷ್ಟಕ್ಕೆ. ಹುಂಜಕ್ಕೆ ಮಾತ್ರ ಇಬ್ಬರು ಅಣ್ಣತಮ್ಮಂದಿರ ಮಧ್ಯೆ ನಿಜವಾದ ಪೈಪೋಟಿ. ಎರಡು ಸಾವಿರ ದಾಟಿತು. ತೋಟದ ಬೇಲಿ ವಿಷಯಕ್ಕೆ ಇಬ್ಬರಿಗೂ ಮಾತಿಲ್ಲವಂತೆ.

ಊಟದ ಆಮೇಲೆ ಕಮಿಟಿ ಕೂತಿತು. ನಾನು ವರಾಂಡದಲ್ಲಿ ಕಾಯುತ್ತಾ ನೋಟಿಸ್ ಬೋರ್ಡು ಓದಿದೆ. ಪ್ರತಿ ಭಾನುವಾರದ ಕಾಣಿಕೆ ಎಷ್ಟು, ಕರೆಂಟ್ ಬಿಲ್ ಎಷ್ಟು, ಹೂವಿಗೆ ಎಷ್ಟು, ಎಲ್ಲ ಅಲ್ಲಿದೆ. ಕಮಿಟಿಗೆ ಮೂರು ವರ್ಷಕ್ಕೊಮ್ಮೆ ಓಟು. ಯಾರು ಓಟು ಹಾಕಬಹುದು ಅನ್ನುವ ಪಟ್ಟಿಯೂ ಅಂಟಿಸಿದ್ದರು. ಒಳಗಿನಿಂದ ದನಿ ಏರುತ್ತಿತ್ತು. ಸ್ಮಶಾನದ ಗೋಡೆ ರಿಪೇರಿ ಯಾರಿಗೆ ಕೊಡಬೇಕು ಅನ್ನುವ ವಿಷಯ. ಒಬ್ಬ ಹೆಂಗಸು ಕಳೆದ ಸಭೆಯ ನಡಾವಳಿ ಓದಿ ಅಂತ ಪಟ್ಟು ಹಿಡಿದಿದ್ದಳು, ಓದಿಸಿಯೇ ಬಿಟ್ಟಳು. ನನಗೆ ಅನ್ನಿಸಿದ್ದು ಇಷ್ಟು: ಲೂಥರ್ 1517ರಲ್ಲಿ ಶುರು ಮಾಡಿದ ಪ್ರೊಟೆಸ್ಟೆಂಟ್ ಸುಧಾರಣೆ ಈ ಬೆಟ್ಟದ ತನಕ ಯಾವುದಾದರೂ ರೂಪದಲ್ಲಿ ಬಂದಿದ್ದರೆ ಅದು ಈ ನಡಾವಳಿ ಪುಸ್ತಕದಲ್ಲಿದೆ. ಕನ್ನಡದಲ್ಲಿ ಶುರುವಾದ ಸಭೆ ತಮಿಳಿಗೆ ಬಂತು, ನಾಳೆ ಇಂಗ್ಲಿಷಿಗೂ ಹೋಗಬಹುದು. ಲೆಕ್ಕ ತೋರಿಸು, ಓದಿ ಹೇಳು ಅಂತ ಕೇಳುವ ಅಭ್ಯಾಸ ಹೋಗಿಲ್ಲ. ಹಾಗಂತ ಇದನ್ನು ಜಾಸ್ತಿ ಹೊಗಳುವ ಹಾಗೂ ಇಲ್ಲ. ಕೋರ್ಟಿಗೆ ಓಡುವ ಅಭ್ಯಾಸವೂ ಇದೇ ಕಮಿಟಿಗಳಿಂದ ಬಂದದ್ದು. ಮಿಷನ್ ಬಿಟ್ಟುಹೋದ ಶಾಲೆ, ಜಮೀನು, ಕಟ್ಟಡ ಇರುವ ಕಡೆಯಲ್ಲೆಲ್ಲ ಓಟಿಗೆ ಬೆಲೆ ಬಂದುಬಿಡುತ್ತದೆ. ಅಯ್ಯನವರನ್ನು ವರ್ಗ ಮಾಡಿಸುವುದರಿಂದ ಹಿಡಿದು ಬಿಷಪ್ ಆಯ್ಕೆಯವರೆಗೆ ಪಕ್ಷ, ಜಾತಿ, ಊರು ಎಲ್ಲ ಕೆಲಸ ಮಾಡುತ್ತವೆ. ಇದನ್ನು ಹೇಳಿದ್ದು ನಾನಲ್ಲ, ಗೆಳೆಯನೇ.

ಆ ಹೆಂಗಸನ್ನು ಆಮೇಲೆ ಮಾತಾಡಿಸಿದೆ. ಟೀ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತಾರಂತೆ. "ಆಂಧ್ರದ ನಂದ್ಯಾಲದಲ್ಲಿ 2013ರಲ್ಲೇ ಹೆಂಗಸು ಬಿಷಪ್ ಆದರು. ನಮ್ಮಲ್ಲಿ ನಡಾವಳಿ ಓದಿ ಅಂದ್ರೂ ಮುಖ ಸಿಂಡರಿಸ್ತಾರೆ" ಅಂದರು, ತಮಿಳಿನಲ್ಲಿ. ಆ ಬಿಷಪ್ ಪುಷ್ಪಾ ಲಲಿತಾ ಅವರ ಫೋಟೊ ಇವರ ಫೋನಿನಲ್ಲಿತ್ತು.

ಸೋಮವಾರ: ಕೇತಿ, ಊಟಿ, ಗೂಡಲೂರು

ಬೆಳಗ್ಗೆ ಮಾವನನ್ನೂ ಕಾರಿನಲ್ಲಿ ಕೂರಿಸಿಕೊಂಡು ಕೇತಿಗೆ ಹೋದೆವು. ಕಣಿವೆ ಪೂರ್ತಿ ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್ ಹೊಲ. ಮದ್ರಾಸ್ ಗವರ್ನರ್ ಎಲ್ಫಿನ್‌ಸ್ಟೋನ್ ಇಲ್ಲೊಂದು ದೊಡ್ಡ ಮನೆ ಕಟ್ಟಿಸಿದ್ದ. ಅದನ್ನು ಕೊಂಡದ್ದು ಕ್ಯಾಸಮೇಜರ್. ಮಾವ ಕೈ ಚಾಚಿ ಚಾಚಿ ತೋರಿಸಿದರು, ಇಲ್ಲಿ ಶಾಲೆ ಇತ್ತು, ಇಲ್ಲಿ ನಮ್ಮ ಮನೆ ಇತ್ತು, ಅಲ್ಲಿ ಹಟ್ಟಿ. ಹಟ್ಟಿಗೂ ಕಾಂಪೌಂಡಿಗೂ ಮಧ್ಯೆ ಹತ್ತು ನಿಮಿಷದ ದಾರಿ ಅಷ್ಟೇ. ಅವರ ತಾತ ಹಟ್ಟಿ ಬಿಟ್ಟು ಇಲ್ಲಿಗೆ ಬಂದಮೇಲೆ ತೀರಿಕೊಳ್ಳುವವರೆಗೂ ಆ ದಾರಿಯಲ್ಲಿ ವಾಪಸ್ ನಡೆದದ್ದು ತಾಯಿ ಸತ್ತಾಗ ಮಾತ್ರವಂತೆ. ಕರು ಹರಸುವಾಗ ದೂರ ನಿಂತಿದ್ದರಂತೆ. ಎಲ್ಲರೂ ಪಾಪ ಅಂದಾಗ ಅವರ ತುಟಿಯೂ ಅಲ್ಲಾಡಿತು ಅಂತ ಹಟ್ಟಿಯವರು ಇವತ್ತಿಗೂ ಹೇಳುತ್ತಾರೆ. "ಅದು ಸುಳ್ಳು" ಅಂದರು ಮಾವ. ಸ್ವಲ್ಪ ಹೊತ್ತು ಬಿಟ್ಟು, "ಇದ್ದರೂ ಇರಬಹುದು" ಅಂದರು.

ಅವರನ್ನು ವಾಪಸ್ ಬಸ್ ಹತ್ತಿಸಿ ನಾವು ಊಟಿಗೆ ಹೋದೆವು. ಸೇಂಟ್ ಸ್ಟೀಫನ್ಸ್ ಚರ್ಚ್ ನೋಡದೆ ಹೋಗುವ ಹಾಗಿಲ್ಲ, ಅದರಲ್ಲೂ ಮೈಸೂರು ಮಂಡ್ಯ ಕಡೆಯವರು. 1829ರ ಏಪ್ರಿಲ್‌ನಲ್ಲಿ ಅಡಿಗಲ್ಲು ಹಾಕಿದರು, 1831ರ ಈಸ್ಟರ್‌ಗೆ ಬಾಗಿಲು ತೆರೆಯಿತು. ಮಾಡು ಹೊತ್ತಿರುವ ದೊಡ್ಡ ದೊಡ್ಡ ತೊಲೆಗಳು ಶ್ರೀರಂಗಪಟ್ಟಣದವು. ಟಿಪ್ಪು ಸುಲ್ತಾನನ ಅರಮನೆ ಕೆಡವಿ, ಆ ಮರವನ್ನು ಬೆಟ್ಟ ಹತ್ತಿಸಿ ತಂದರು. ಶ್ರೀರಂಗಪಟ್ಟಣದಲ್ಲಿ ಆ ಅರಮನೆಯ ಅಡಿಪಾಯ ಬಿಟ್ಟರೆ ಏನೂ ಉಳಿದಿಲ್ಲ. ಮೇಲಿನ ಮರ ಇಲ್ಲಿ ಇಂಗ್ಲಿಷರ ದೇವರ ಮನೆಗೆ ಆಸರೆಯಾಗಿ ಇನ್ನೂ ಗಟ್ಟಿಯಾಗಿದೆ. ನಿನ್ನೆಯ ತಗಡಿನ ಮಾಡಿನ ಚರ್ಚೂ ಇದೂ ಈಗ ಒಂದೇ ಸಿ.ಎಸ್.ಐ. ನಂಬುವುದು ಕಷ್ಟ. ಇಲ್ಲಿ ಬಣ್ಣದ ಗಾಜು, ಅಮೃತಶಿಲೆಯ ಫಲಕಗಳು, ಹಿಂದೆ ಗುಡ್ಡದ ಮೇಲೆ ಸಮಾಧಿಗಳು. ಊಟಿ ಕಟ್ಟಿದ ಕಲೆಕ್ಟರ್ ಜಾನ್ ಸಲಿವನ್ನನ ಹೆಂಡತಿ, ಮಗಳು ಅಲ್ಲೇ ಇದ್ದಾರೆ. ಪ್ರವಾಸಿಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಗುಂಡ್ಲುಪೇಟೆ ಕಡೆಯ ಒಂದು ಕುಟುಂಬ ಬಂದಿತ್ತು. ಅಜ್ಜಿ ತೊಲೆ ನೋಡಿ "ತೇಗ ಅಲ್ವೇನೋ ಇದು?" ಅಂತ ಮೊಮ್ಮಗನನ್ನು ಕೇಳಿದರು. ಗೆಳೆಯ ಟಿಪ್ಪು ಕಥೆ ಹೇಳಿದ. ಅಜ್ಜಿ ತಲೆಯೆತ್ತಿ ನೋಡಿ, "ನಮ್ದೇ ಮರ ಅನ್ನು" ಅಂದರು.

ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಹಾಕುತ್ತಾರೆ. ಹಾಗಾಗಿ ಗೂಡಲೂರಿನಲ್ಲಿ ಟೀಗೆ ಅಂತ ನಿಲ್ಲಿಸಿದ್ದು ಐದೇ ನಿಮಿಷ. ಗೆಳೆಯನ ಫೋನು ಟಿಂಗ್ ಟಿಂಗ್ ಅನ್ನುತ್ತಲೇ ಇತ್ತು. ಮಾವನ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಖಜಾಂಚಿ ಹರಾಜಿನ ಲೆಕ್ಕ ಹಾಕಿದ್ದರು. ಎಲೆಕೋಸು ಮೂರು ಸಲದ್ದೂ ಬೇರೆ ಬೇರೆ ಸಾಲಿನಲ್ಲಿತ್ತು. ನನ್ನ ವರ್ಕಿ ಕೂಡ, ‘ಮೈಸೂರು ಅತಿಥಿ’ ಅಂತ. ಕೆಳಗೆ ಮೊದಲ ಪ್ರಶ್ನೆ ಆ ಲೆಕ್ಕ ಬರೆಯುವ ಹೆಂಗಸಿನದು: ಹುಂಜದ ದುಡ್ಡು ಎಲ್ಲಿ? ಖಜಾಂಚಿಯ ಉತ್ತರ: ಅಣ್ಣ ಹಿಡಿದಿದ್ದು, ತಮ್ಮ ಎತ್ತಿಕೊಂಡು ಹೋಗಿದ್ದಾನೆ, ಇಬ್ಬರೂ ಕೊಟ್ಟಿಲ್ಲ. ಮುಂದಿನ ಕಮಿಟಿಯಲ್ಲಿ ಇಡಲಾಗುವುದು.